ನೋಡದ ಹಾಗೆ

ಮೊದಲು ಅದನ್ನು ನೀರಿನ ಸದ್ದು ಎಂದುಕೊಂಡೆ. ಬಾಯಿ ಕಿರಿದಾದ ಹೂಜಿಯನ್ನು ನೀರಿಗೆ ಅದ್ದಿದಾಗ ಒಳಗಿನ ಗಾಳಿ ಗುಳುಕ್ಕೆಂದು ಹೊರಬರುತ್ತದಲ್ಲ, ಅಂಥದ್ದು. ರಾತ್ರಿ ಬಹಳ ಆಗಿತ್ತು. ನಾನು ಹಾಲ್‌ನ ನೆಲದ ಮೇಲೆ ಕೂತು ಮಗುವಿನ ಬಟ್ಟೆ ಮಡಿಚುತ್ತಿದ್ದೆ. ನಿದ್ದೆ ಬಾರದಿದ್ದರೆ ನಾನು ಮಾಡುವ ಕೆಲಸವೇ ಅದು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯೇನೋ ಎಂದು ಎದ್ದು ಹೋಗಿ ನೋಡಿದೆ. ಇಲ್ಲ. ಎದ್ದವಳು ಹಾಗೇ ಬಾಲ್ಕನಿಯ ಚಿಲಕವನ್ನೂ ಮುಟ್ಟಿ ನೋಡಿದೆ. ಹಾಕಿತ್ತು. ಮತ್ತೆ ಬಂದು ಕೂತು ಇನ್ನೊಂದು ಬಟ್ಟೆ ತೆಗೆದುಕೊಂಡು, ಸುಕ್ಕು ಹೋಗಲೆಂದು ಪಟ್ಟನೆ ಕೊಡವಿದೆ. ಆ ಸದ್ದು ಮತ್ತೆ ಬಂತು. ಈ ಸಲ ಅದು ತೊಟ್ಟಿಲಿನಿಂದ ಬಂತು.

ಬಗ್ಗಿ ನೋಡಿದೆ. ತಂಗಿಯ ಮಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಹಸಿವಿಲ್ಲ, ಒದ್ದೆಯಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಯನ್ನೇ, ಈಗೇನು ಮಾಡ್ತೀಯ ನೋಡೋಣ ಎನ್ನುವ ಹಾಗೆ ನೋಡುತ್ತಿದ್ದಳು. ಇನ್ನೊಮ್ಮೆ ಕೊಡವಿದೆ. ಹಲ್ಲಿಲ್ಲದ ಬಾಯಿ ಅಗಲವಾಯಿತು, ಪುಟ್ಟ ಹೊಟ್ಟೆ ಕುಲುಕಿತು, ಕಾಲೆರಡೂ ಮೇಲಕ್ಕೆ ಹೋದವು, ಒಳಗೆಲ್ಲೋ ಇದ್ದ ನಗು ಸದ್ದಾಗಿ ಹೊರಗೆ ಬಿತ್ತು. ತುಟಿಯ ನಗೆ ಆಗಲೇ ಬಂದಿತ್ತು. ಇದು ಬೇರೆ. ಇದು ಸದ್ದಿನ ನಗು, ಅವಳ ಜನ್ಮದ ಮೊದಲನೆಯದು. ಒಂದು ಹಳೆಯ ಹತ್ತಿ ಬಟ್ಟೆ ಗಾಳಿಯಲ್ಲಿ ಪಟ್ಟೆಂದದ್ದಕ್ಕೆ.

ನಾನೂ ನಕ್ಕುಬಿಟ್ಟೆ. ನಕ್ಕವಳು ಬಾಯಿ ಮುಚ್ಚಿಕೊಂಡು ಒಳಕೋಣೆಯ ಬಾಗಿಲ ಕಡೆ ನೋಡಿದೆ. ಅದು ಅರ್ಧ ತೆರೆದಿತ್ತು. ಒಳಗೆ ನನ್ನ ತಂಗಿ ಮಲಗಿದ್ದಳು. ರಾತ್ರಿ ಅವಳನ್ನು ಎಬ್ಬಿಸಕೂಡದು, ಒಂದೇ ಸಮನೆ ನಿದ್ದೆ ಆಗಬೇಕು ಎಂದು ಡಾಕ್ಟರ್ ಹೇಳಿದ್ದರಿಂದಲೇ ತೊಟ್ಟಿಲು ಹಾಲ್‌ಗೆ ಬಂದಿತ್ತು, ತೊಟ್ಟಿಲಿನ ಜೊತೆ ನಾನೂ ಈ ಮನೆಗೆ ಬಂದಿದ್ದೆ.

ತಂಗಿಗೆ ಏನಾಗಿದೆ ಎನ್ನುವುದನ್ನು ಹೇಳಲು ನನಗೆ ಸರಿಯಾದ ಮಾತು ಇವತ್ತಿಗೂ ಸಿಕ್ಕಿಲ್ಲ. ಮದುವೆಯಾಗಿ ಬಹಳ ವರ್ಷ ಕಾದು ಪಡೆದ ಮಗು. ಹೆರಿಗೆ ಸುಸೂತ್ರವಾಯಿತು. ಹಾಲು ಕುಡಿಸುತ್ತಾಳೆ, ಮೈ ತೊಳೆಯುತ್ತಾಳೆ, ಹೊತ್ತಿಗೆ ಸರಿಯಾಗಿ ಬಟ್ಟೆ ಬದಲಾಯಿಸುತ್ತಾಳೆ. ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಮಗುವನ್ನು ಎತ್ತಿಕೊಂಡಾಗ ಅವಳ ಮುಖ ನೋಡಿದರೆ ಬೇರೆಯವರ ಮನೆಯ ಗಾಜಿನ ಪಾತ್ರೆ ಎತ್ತಿಕೊಂಡ ಹಾಗಿರುತ್ತದೆ. ಒಡೆಯಬಾರದು ಅನ್ನುವುದೊಂದೇ ಅದರಲ್ಲಿ ಇರುವುದು. ಡಾಕ್ಟರ್ ಇದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದರು, ರಾತ್ರಿ ಬಾಲ್ಕನಿಯ ಚಿಲಕ ಹಾಕಿರಲಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಹೋಗುತ್ತದೆ, ಆದರೆ ನಿಧಾನಕ್ಕೆ, ಒತ್ತಾಯ ಮಾಡಬೇಡಿ ಎಂದಿದ್ದರು. ನಿಧಾನ ಎಂದರೆ ಎಷ್ಟು ನಿಧಾನ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ತಂಗಿ ಮಾತ್ರ ತನಗೆ ತಾನೇ ಒಂದು ಗಡುವು ಹಾಕಿಕೊಂಡಿದ್ದಳು. ಒಂದು ಸಂಜೆ ಬಾಟಲಿ ಕುದಿಸುತ್ತ ಹೇಳಿದ್ದಳು, "ಈಗ ಅವಳಿಗೆ ನಾನು ಯಾರು ಅಂತ ಗೊತ್ತಿಲ್ಲ, ನನಗೂ ಅವಳು ಯಾರು ಅಂತ ಗೊತ್ತಿಲ್ಲ. ಸದ್ದು ಮಾಡಿ ನಗ್ತಾರಲ್ಲ ಅಕ್ಕ, ಆ ನಗು ಬಂದ ದಿನ ನನಗೂ ಏನಾದ್ರೂ ಅನ್ನಿಸಬಹುದು. ಅನ್ನಿಸಲೇಬೇಕಲ್ವಾ?" ನಾನು ಹೂಂ ಎಂದಿದ್ದೆ. ಅಷ್ಟು ನಂಬಿಕೊಂಡು ಕೇಳಿದರೆ ಇನ್ನೇನು ಹೇಳುವುದು?

ಈಗ ಆ ನಗು ಬಂದಿತ್ತು, ಅವಳಿಲ್ಲದಾಗ. ತೊಟ್ಟಿಲಲ್ಲಿ ಮಗು ಇನ್ನೊಂದು ಸಲ ಬೇಕು ಎಂದು ಕಾಲು ಬಡಿಯುತ್ತಿತ್ತು. ನಾನು ಬಟ್ಟೆಯನ್ನು ಉಂಡೆ ಮಾಡಿ ಮಡಿಲಲ್ಲಿಟ್ಟುಕೊಂಡು, ಕದ್ದ ಮಾಲು ಬಚ್ಚಿಟ್ಟವಳ ಹಾಗೆ ಕೂತೆ. ಎಬ್ಬಿಸಲೇ ಎನ್ನಿಸಿತು. ಎಬ್ಬಿಸಬೇಡಿ ಎಂದದ್ದು ನೆನಪಾಯಿತು. ಅಷ್ಟರಲ್ಲಿ ನನ್ನ ಕೆಲಸದ ಅಭ್ಯಾಸ ನನ್ನ ಪರವಾಗಿ ತೀರ್ಮಾನ ಮಾಡಿಬಿಟ್ಟಿತು.

ನಾನು ಕೆಲಸ ಮಾಡುವುದು ಒಂದು ಕ್ರೆಶ್‌ನಲ್ಲಿ. ಅಪ್ಪ ಅಮ್ಮ ಕೆಲಸಕ್ಕೆ ಹೋಗುವ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುವ ಜಾಗ. ಅಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿದೆ: ಮೊದಲನೆಯದನ್ನು ನಾವು ನೋಡುವುದಿಲ್ಲ. ಮಗು ಮೊದಲ ಸಲ ಬೋರಲು ಬೀಳುವುದು, ಮೊದಲ ಹೆಜ್ಜೆ ಇಡುವುದು ಹಗಲು ಹೊತ್ತಿನಲ್ಲಿ, ನಮ್ಮ ಕಣ್ಣೆದುರಿಗೇ. ಆದರೆ ಸಂಜೆ ತಾಯಿ ಬಂದಾಗ ನಾವು ಹೇಳುವುದು ಒಂದೇ ಮಾತು: "ಇನ್ನೇನು ನಡೀಬಹುದು, ನೋಡ್ತಾ ಇರಿ." ಮಾರನೆಯ ದಿನವೋ ಅದರಾಚೆಯ ದಿನವೋ ಅವಳು ಏದುಸಿರು ಬಿಡುತ್ತ ಬಂದು "ನಡೆದ" ಎನ್ನುತ್ತಾಳೆ. ನಾವು "ಹೌದಾ" ಎನ್ನುತ್ತೇವೆ. ಈ "ಹೌದಾ" ಅಷ್ಟು ಸುಲಭದ್ದಲ್ಲ. ಹುಬ್ಬು ಹೆಚ್ಚು ಏರಿದರೆ ನಾಟಕ, ಏರದಿದ್ದರೆ ಅವಮಾನ. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಹೇಳಿಕೊಡುವುದು. ಅಲ್ಲಿ ಹಾಲು ಕಾಯಿಸುವ ಹೆಂಗಸು ಹೇಳುತ್ತಿರುತ್ತಾಳೆ, "ನಮಗೆ ಸಂಬಳ ಕೊಡೋದು ಮಕ್ಕಳನ್ನ ನೋಡೋಕಲ್ಲ ಕಣ್ರೀ, ನೋಡಿಲ್ಲ ಅನ್ನೋಕೆ."

ಇದನ್ನೆಲ್ಲ ನಾನು ತಂಗಿಗೆ ಹೇಳಿ ಹೇಳಿ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ದಿನಗಳಿದ್ದವು. ಅದು ಮರುದಿನ ಬೆಳಿಗ್ಗೆ ನನ್ನ ನೆನಪಿಗೆ ಬರಲಿಲ್ಲ.

ಅವಳು ಎದ್ದು ಬಂದು ಮಗುವಿಗೆ ಹಾಲು ಕುಡಿಸಿ, ಬೆನ್ನು ತಟ್ಟಿ ತೇಗಿಸಿ, ಚಾಪೆಯ ಮೇಲೆ ಮಲಗಿಸಿದಳು. ಅವಳ ಗಂಡ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದ. ನಾನು ಚಹಾ ತಂದುಕೊಟ್ಟು, ಎಷ್ಟು ಸಹಜವಾಗಿ ಸಾಧ್ಯವೋ ಅಷ್ಟು ಸಹಜವಾಗಿ ಹೇಳಿದೆ. "ಇನ್ನೇನು ನಗಬಹುದು ಕಣೇ, ನೋಡ್ತಾ ಇರು."

ಅವಳ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಯಾವಾಗ?"

"ಏನು ಯಾವಾಗ?"

"ನಿನ್ನ ಕ್ರೆಶ್ ಮಾತು ನನ್ನ ಹತ್ರ ಆಡಬೇಡ ಅಕ್ಕ. ಯಾವಾಗ ನಕ್ಕಳು?"

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ರಾತ್ರಿ" ಎಂದೆ. "ನೀನು ಮಲಗಿದ್ದೆ. ಎಬ್ಬಿಸಬಾರದು ಅಂತ..."

"ಹೂಂ." ಅವಳು ಚಹಾ ಕುಡಿದಳು. "ಈಗ ನಾನು ನಿನ್ನ ಜೊತೆ ಜಗಳ ಆಡ್ಬೇಕು, ಅಲ್ವಾ? ನನ್ನ ಮಗು ನಗು ನೀನು ಹೇಗೆ ನೋಡಿದೆ ಅಂತ."

"ಆಡು. ಬೈಯಿ. ನನ್ನದು ತಪ್ಪೇ."

"ಬೇಜಾರಾದ್ರೆ ತಾನೇ ಬೈಯೋದು. ಬೇಜಾರೂ ಆಗ್ತಿಲ್ಲ." ಲೋಟದೊಳಗೆ ನೋಡುತ್ತ, ಹೊರಗೆ ಮೋಡ ಇದೆ ಎನ್ನುವ ಹಾಗೆ ಹೇಳಿದಳು. ಆಮೇಲೆ ಕೇಳಿದಳು, "ಏನು ಮಾಡಿದ್ದಕ್ಕೆ ನಕ್ಕಳು?"

ಬಟ್ಟೆ ಕೊಡವಿದ್ದಕ್ಕೆ ಎಂದೆ. ಅವಳು ಎದ್ದು, ನಾನು ರಾತ್ರಿ ಮಡಿಚಿಟ್ಟ ರಾಶಿಯಿಂದ ಒಂದು ಬಟ್ಟೆ ಎತ್ತಿಕೊಂಡು ಚಾಪೆಯ ಮುಂದೆ ಕೂತಳು. ಕೊಡವಿದಳು. ಮಗು ಕಣ್ಣರಳಿಸಿತು. ಇನ್ನೊಮ್ಮೆ ಕೊಡವಿದಳು. ನಗು ಬಂತು, ರಾತ್ರಿಯದಕ್ಕಿಂತ ದೊಡ್ಡದಾಗಿ, ಕೊನೆಯಲ್ಲಿ ಒಂದು ಬಿಕ್ಕಳಿಕೆಯನ್ನೂ ಸೇರಿಸಿಕೊಂಡು. ತಂಗಿ ಆ ಮುಖವನ್ನು ನೋಡಿದಳು. ನಾನು ತಂಗಿಯ ಮುಖವನ್ನು ನೋಡಿದೆ. ದೇವರೇ, ಒಂದಿಷ್ಟು ಕೊಡು ಎಂದು ಬೇಡುತ್ತ ನೋಡಿದೆ. ಅವಳು ಮೂರನೆಯ ಸಲ ಕೊಡವಿದಳು, ನಾಲ್ಕನೆಯ ಸಲ ಕೊಡವಿದಳು. ಆಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ರಾಶಿಯ ಮೇಲಿಟ್ಟಳು.

"ಚೆನ್ನಾಗಿ ನಗ್ತಾಳೆ" ಎಂದಳು.

ನಾನು ಹೋಗಿ ಅವಳ ಪಕ್ಕ ಕೂತೆ.

"ಅಂಗಡೀಲಿ ಕಣ್ಣು ಪರೀಕ್ಷೆ ಮಾಡುವಾಗ ನಾನು ಕೇಳ್ತೀನಲ್ಲ, ಈ ಲೆನ್ಸಲ್ಲಿ ಕಾಣುತ್ತಾ, ಈ ಲೆನ್ಸಲ್ಲಿ ಕಾಣುತ್ತಾ ಅಂತ?" ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಈಗ ರಜೆಯಲ್ಲಿದ್ದಳು. "ನನಗೆ ಎಲ್ಲಾ ಕಾಣುತ್ತೆ ಅಕ್ಕ. ಕೊನೇ ಸಾಲಿನ ತನಕ ಕಾಣುತ್ತೆ. ಆದ್ರೆ ಬರೀ ಅಕ್ಷರ ಕಾಣುತ್ತೆ. ಅದು ಯಾವ ಮಾತೂ ಆಗಲ್ಲ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ದಿನವಿಡೀ ಹತ್ತಾರು ಮಕ್ಕಳ ಅಳು ನಿಲ್ಲಿಸುವ ಕೈ ಅದು. ಅಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಬೆನ್ನು ಬೆಚ್ಚಗಿತ್ತು, ಅಷ್ಟೇ.

"ಇವರಿಗೆ ಹೇಳಬೇಡ" ಎಂದಳು. "ನಕ್ಕಳು ಅಂತ ಗೊತ್ತಾದ್ರೆ ಮೊದಲು ನನ್ನ ಮುಖ ನೋಡ್ತಾರೆ. ಅವರೇ ಮೊದಲು ನೋಡಲಿ. ಅವರಿಗಾದ್ರೂ ಆಗಲಿ."

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕಡೆಯವರೆಲ್ಲ ಅವನನ್ನು ಕರೆಯುವುದು ಲಿಫ್ಟಪ್ಪ ಎಂದೇ. ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ನೋಡಲು ಕಷ್ಟವಾಗುತ್ತಿತ್ತು. ಯಾವ ಯಂತ್ರ ಕೆಟ್ಟರೂ ಎಲ್ಲೋ ಒಂದು ತಂತಿ ಬಿಟ್ಟಿರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ನಂಬಿದವನು. ಮನೆಗೆ ಬಂದವನೇ ಕೈ ತೊಳೆದು, ಹೆಂಡತಿಯ ಮುಖವನ್ನು ಲಿಫ್ಟಿನ ಬಾಗಿಲ ಮೇಲಿನ ದೀಪ ನೋಡುವ ಹಾಗೆ ನೋಡುತ್ತಿದ್ದ. ಯಾವ ಮಹಡಿಯಲ್ಲಿ ಇದ್ದಾಳೆ, ಮೇಲೆ ಬರುತ್ತಿದ್ದಾಳೋ ಕೆಳಗೆ ಹೋಗುತ್ತಿದ್ದಾಳೋ. ಅವಳು ಅವನಿಗಾಗಿ ತುಟಿಯನ್ನು ಒಂದಿಷ್ಟು ಎಳೆದುಕೊಳ್ಳುತ್ತಿದ್ದಳು.

ಆ ಸಂಜೆ ಅವನು ಮಗುವನ್ನು ಎತ್ತಿಕೊಂಡು ಎಂದಿನ ಆಟ ಶುರುಮಾಡಿದ. ಮಗಳನ್ನು ಅವನು ಕರೆಯುವುದು ಮೇಡಂ ಎಂದು.

"ಯಾವ ಫ್ಲೋರ್ ಹೋಗ್ಬೇಕು ಮೇಡಂ? ಬಾಗಿಲಿಗೆ ಅಡ್ಡ ನಿಲ್ಲಬೇಡಿ." ಎತ್ತಿ ಎದೆಯ ಮಟ್ಟಕ್ಕೆ ತಂದ. "ಒಂದನೇ ಮಹಡಿ, ಪಾತ್ರೆ ಪಗಡ." ತಲೆಯ ಮಟ್ಟಕ್ಕೆ ಎತ್ತಿದ. "ಎರಡನೇ ಮಹಡಿ, ಬಟ್ಟೆ ಬರೆ. ಏನೂ ಬೇಡ್ವಾ? ಮೇಡಂಗೆ ಏನೂ ಹಿಡಿಸ್ತಿಲ್ಲ ಅಕ್ಕ. ಅಮ್ಮನ ಥರ, ಅಷ್ಟು ಸುಲಭಕ್ಕೆ ನಗೋ ಪೈಕಿ ಅಲ್ಲ ಇವರು."

ಹೇಳಿಬಿಟ್ಟು ನಾಲಗೆ ಕಚ್ಚಿಕೊಂಡ. ತಂಗಿ ಅವನ ಬೆನ್ನ ಹಿಂದೆ ಕೂತು ಬಟ್ಟೆ ಮಡಿಚುತ್ತಿದ್ದಳು. ಕೇಳಿಸದವಳ ಹಾಗೆ ಇದ್ದಳು. ಅವನು ಮಗುವನ್ನು ಕೈ ಚಾಚಿ ಪೂರ್ತಿ ಮೇಲೆತ್ತಿ "ಟೆರೇಸು" ಎಂದ. ಆಗ ತಂಗಿ ನನ್ನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಬಟ್ಟೆಯನ್ನು ಪಟ್ಟೆಂದು ಕೊಡವಿದಳು.

ಮಗು ನಕ್ಕಿತು. ಅವನ ತಲೆಯ ಮೇಲಿಂದ ಅಮ್ಮನ ಕೈಯ ಬಟ್ಟೆಯನ್ನು ನೋಡಿ, ಕಿಲಕಿಲ ನಕ್ಕಿತು. ಲಿಫ್ಟಪ್ಪನಿಗೆ ಹಿಂದೆ ಏನು ಆಯಿತು ಎನ್ನುವುದರ ಪರಿವೆಯೇ ಇರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು, ಕಣ್ಣಲ್ಲಿ ನೀರು ತುಂಬಿತು. "ನಕ್ಕಳು" ಎಂದ. "ಟೆರೇಸಿಗೆ ನಕ್ಕಳು. ಕೇಳಿದ್ರಾ ಅಕ್ಕ? ನೀನು ಕೇಳಿದ್ಯಾ?"

"ಹೌದಾ" ಎಂದಳು ತಂಗಿ.

ನಾನು ಮಡಿಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಅವಳ ಹುಬ್ಬು ಎಷ್ಟು ಏರಬೇಕೋ ಅಷ್ಟೇ ಏರಿತ್ತು. ದನಿಯಲ್ಲಿ ಒಂದು ಚೂರು ಹೊಟ್ಟೆಕಿಚ್ಚನ್ನೂ ಬೆರೆಸಿದ್ದಳು, ನನಗಿಂತ ಮೊದಲು ನೀವು ನೋಡಿದಿರಲ್ಲ ಎನ್ನುವ ಹಾಗೆ. ಇಷ್ಟು ವರ್ಷದಲ್ಲಿ ನನಗೂ ಅಂಥ ಒಂದು "ಹೌದಾ" ಬಂದಿಲ್ಲ. ಮಗು ಹುಟ್ಟಿದಂದಿನಿಂದ ಇವಳು ಎಷ್ಟೆಲ್ಲಕ್ಕೆ ಹೀಗೆ ಹೌದಾ ಎಂದಿರಬಹುದು, ಎಷ್ಟನ್ನು ನಾನು ನಿಜ ಎಂದು ನಂಬಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಅವನು ಮಗುವನ್ನು ಎತ್ತಿಕೊಂಡೇ ಮೆಟ್ಟಿಲಿಳಿದು ಕೆಳಗಿನ ಟೈಲರಮ್ಮನ ಅಂಗಡಿಗೆ ಓಡಿದ. ಮೆಷಿನ್ನಿನ ಸದ್ದು ನಿಂತಿತು.

"ಏನಪ್ಪ ಹಿಂಗೆ ಓಡಿ ಬಂದೆ? ಯಾರಾದ್ರೂ ಲಿಫ್ಟಲ್ಲಿ ಸಿಕ್ಕಾಕೊಂಡ್ರಾ?"

"ಇಲ್ಲ ಟೈಲರಮ್ಮ, ನಮ್ಮ ಮೇಡಂ ನಕ್ಕರು. ನಾನೇ ನಗಿಸಿದ್ದು."

"ನಿನ್ನ ಮುಖ ನೋಡಿದ್ರೆ ಯಾರಿಗೆ ನಗು ಬರಲ್ಲ? ಅಂತೂ ನಿನ್ನ ಹೆಂಡ್ತಿಗೂ ಇನ್ನು ಎಲ್ಲಾ ಸರಿ ಹೋಗುತ್ತೆ ಬಿಡು. ಮಕ್ಕಳ ನಗೂಗಿಂತ ಔಷಧಿ ಉಂಟಾ?"

ಮಾತು ಮೇಲಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ತಂಗಿ ಬಟ್ಟೆ ಮಡಿಚುತ್ತಲೇ ಇದ್ದಳು. ಅಂಚಿಗೆ ಅಂಚು ಸರಿಯಾಗಿ ಕೂಡಿಸುತ್ತಿದ್ದಳು.

"ಅವರಿಗೆ ಎಷ್ಟು ಖುಷಿ ಆಯ್ತು ನೋಡು" ಎಂದಳು. "ಅದು ಎಲ್ಲಿಂದ ಬರುತ್ತೆ ಅಕ್ಕ? ಮಗೂಗೆ ಬಟ್ಟೆಯಿಂದ ಬರುತ್ತೆ, ಅವರಿಗೆ ಮಗೂನಿಂದ ಬರುತ್ತೆ. ನನ್ನ ಹತ್ರ ಬಟ್ಟೇನೂ ಇದೆ, ಮಗೂನೂ ಇದೆ."

ಕಾಲೇಜಿನಲ್ಲಿ ಮನಸ್ಸಿನ ಬಗ್ಗೆ ಎರಡು ವರ್ಷ ಓದಿದ್ದೇನೆ. ಅಲ್ಲಿ ಎಲ್ಲಕ್ಕೂ ಒಂದು ಕಾರಣವಿತ್ತು. ಮಗುವಿನ ಆ ನಗುವಿಗೆ ಕಾರಣವೇ ಬೇಕಿರಲಿಲ್ಲ. ಕಾರಣಗಳೆಲ್ಲ ನಮ್ಮ ಹತ್ತಿರ ಇದ್ದವು, ಮಡಿಚಿಟ್ಟು ಕಾಯುತ್ತಿದ್ದೆವು.

ಆಮೇಲಿನ ದಿನಗಳು ಇನ್ನೂ ಕಷ್ಟವಾದವು. ಲಿಫ್ಟಪ್ಪ ಔಷಧಿ ಸಿಕ್ಕಿತು ಎಂದು ನಂಬಿದ್ದ. ಬಂದಾಗಲೆಲ್ಲ ಮಗುವನ್ನು ಟೆರೇಸಿಗೆ ಹತ್ತಿಸಿ ಹೆಂಡತಿಯ ಕಡೆ ತಿರುಗುತ್ತಿದ್ದ. ಹಾಲು ಉಕ್ಕುವುದನ್ನು ಕಾಯುವ ಹಾಗೆ ನಾವಿಬ್ಬರೂ ಅವಳನ್ನು ಕಾಯುತ್ತಿದ್ದೆವು. ಅವಳಿಗೆ ಅದು ಗೊತ್ತಿತ್ತು. ತುಟಿ ಎಳೆದುಕೊಳ್ಳುವ ಕೆಲಸ ದಿನಕ್ಕೆ ಇನ್ನಷ್ಟು ಸಲ ಹೆಚ್ಚಿತು, ಅಷ್ಟೇ. ರಾತ್ರಿ ಅವಳು ಮಾತ್ರೆ ನುಂಗುವುದನ್ನು ನಾನು ನೋಡುತ್ತಿದ್ದೆ. ನಾನು ನೋಡುತ್ತಿರುವುದನ್ನು ಅವಳು ನೋಡಿ, ಮಕ್ಕಳ ಹಾಗೆ ಬಾಯಿ ತೆಗೆದು ತೋರಿಸಿ "ನುಂಗಿದೆ ಟೀಚರ್" ಎನ್ನುತ್ತಿದ್ದಳು. ಅದು ತಮಾಷೆಯೋ ಸಿಟ್ಟೋ ನನಗೆ ತಿಳಿಯುತ್ತಿರಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

ಒಂದು ಮಧ್ಯಾಹ್ನ ಕ್ರೆಶ್‌ನ ನೀರಿನ ಪೈಪು ಒಡೆದು, ಮಕ್ಕಳನ್ನೆಲ್ಲ ಬೇಗ ಮನೆಗೆ ಕಳಿಸಿದೆವು. ಬಿಸಿಲಿನಲ್ಲಿ ನಡೆದು ಬಂದು ಮೆಟ್ಟಿಲು ಹತ್ತಿದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನಿಂದ ಪಟ್, ಪಟ್ ಎಂದು ಬಟ್ಟೆ ಕೊಡವುವ ಸದ್ದು ಬರುತ್ತಿತ್ತು, ಅದರ ಬೆನ್ನಿಗೇ ಮಗುವಿನ ನಗು. ನಾನು ಬಾಗಿಲ ಸಂದಿನಲ್ಲಿ ನಿಂತೆ. ಕದ್ದು ನೋಡುವುದು ತಪ್ಪು. ಆದರೆ ಈ ಮನೆಗೆ ಬಂದಂದಿನಿಂದ ನಾನು ಮಾಡುತ್ತಿದ್ದುದು ಅದೊಂದೇ.

ತಂಗಿ ಚಾಪೆಯ ಮುಂದೆ ಮಂಡಿಯೂರಿ ಕೂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ತುಟಿ ಎಳೆದುಕೊಂಡಿರಲಿಲ್ಲ, ಯಾರೂ ಇರಲಿಲ್ಲವಲ್ಲ. ಕೊಡವುತ್ತಿದ್ದಳು, ನೋಡುತ್ತಿದ್ದಳು, ಮತ್ತೆ ಕೊಡವುತ್ತಿದ್ದಳು. ಒಳಗೆ ಯಾರೋ ಇದ್ದಾರೆಂದು ಗೊತ್ತಿದ್ದೂ ತೆರೆಯದ ಬಾಗಿಲನ್ನು ತಟ್ಟುವವರ ಹಾಗೆ. ನಾನಿಲ್ಲದ ಹಗಲುಗಳಲ್ಲೆಲ್ಲ ಇದೇ ನಡೆಯುತ್ತಿತ್ತೇನೋ. ತೋಳು ಸೋತು ಒಮ್ಮೆ ಕೆಳಗಿಳಿಯಿತು. ಇನ್ನೊಮ್ಮೆ ಜೋರಾಗಿ ಎಸೆದ ಹಾಗೆ ಕೊಡವಿದಳು. ಬಟ್ಟೆ ಕೈತಪ್ಪಿ, ಮೇಲೆ ಹೋಗಿ, ಅಗಲವಾಗಿ ಬಿಚ್ಚಿಕೊಂಡು ಅವಳ ತಲೆಯ ಮೇಲೆಯೇ ಬಿತ್ತು.

ಅವಳು ಅದನ್ನು ತೆಗೆಯಲಿಲ್ಲ. ಬಟ್ಟೆಯ ಕೆಳಗೆ ಅಲುಗಾಡದೆ ಕೂತಳು. ಮಗುವಿನ ನಗು ನಿಂತಿತು. ಅಮ್ಮ ಎಲ್ಲಿ ಹೋದಳು ಎಂದು ಅದು ಹುಬ್ಬು ಗಂಟಿಕ್ಕಿ ನೋಡಿತು. ಒಳಗೆ ಹೋಗಬೇಕು ಎಂದು ಬಾಗಿಲ ಮೇಲೆ ಕೈಯಿಟ್ಟೆ.

ಆಗ ಬಟ್ಟೆಯ ಕೆಳಗಿನಿಂದ ಒಂದು ಸದ್ದು ಬಂತು.

ಚಿಕ್ಕದು. ಮೂಗಿನಿಂದ ಹೊರಟು ಗಂಟಲಲ್ಲಿ ಮುಗಿದದ್ದು. ಹೂಜಿಯ ಬಾಯಿಯಿಂದ ಗಾಳಿ ಹೊರಟ ಹಾಗೆ. ಅದನ್ನು ಕೇಳಿದ್ದೇ ಮಗು ಎರಡೂ ಕಾಲೆತ್ತಿ ಕೇಕೆ ಹಾಕಿತು. ಬಟ್ಟೆಯ ಕೆಳಗೆ ಭುಜಗಳು ಒಮ್ಮೆ ಅಲುಗಿದವು, ಇನ್ನೊಮ್ಮೆ ಅಲುಗಿದವು. ಸದ್ದು ಎರಡನೆಯ ಸಲ ಬಂತು, ಒದ್ದೆಯಾಗಿ. ನಗುವೇ ಎಂದು ನಾನು ಆಣೆ ಇಟ್ಟು ಹೇಳಲಾರೆ. ಅಳುವೇ ಎಂದೂ ಹೇಳಲಾರೆ. ಮಕ್ಕಳ ನೂರು ಬಗೆಯ ದನಿಗಳನ್ನು ಗೋಡೆಯಾಚೆಯಿಂದಲೇ ಗುರುತು ಹಿಡಿಯುವ ನನಗೆ, ಒಡಹುಟ್ಟಿದವಳ ಈ ಒಂದು ದನಿ ಯಾವುದೆಂದು ತಿಳಿಯಲಿಲ್ಲ. ಆದರೆ ಅದು ಯಾರಿಗೂ ತೋರಿಸಲು ಮಾಡಿದ ಸದ್ದಲ್ಲ. ಅಷ್ಟು ಮಾತ್ರ ಗೊತ್ತಾಯಿತು.

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಮೆಟ್ಟಿಲಿಳಿದೆ. ಟೈಲರಮ್ಮ ಕತ್ತರಿ ನಿಲ್ಲಿಸಿ ನನ್ನನ್ನೂ ನನ್ನ ಕೈಯ ಚಪ್ಪಲಿಯನ್ನೂ ನೋಡಿದಳು.

"ಏನು ಮೇಷ್ಟ್ರಮ್ಮ, ಕಾಲಿಗೆ ಹಾಕೋದನ್ನ ಕೈಗೆ ಹಾಕೊಂಡಿದ್ದೀರ?"

"ಪಟ್ಟಿ ಕಿತ್ತಿದೆ" ಎಂದೆ.

"ಕೊಡಿ, ಹೊಲಿದು ಕೊಡ್ತೀನಿ."

"ಬೇಡ, ಅಷ್ಟೇನಿಲ್ಲ." ಅವಳ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಚಪ್ಪಲಿ ಹಾಕಿಕೊಂಡು, ಕೆಮ್ಮುತ್ತ, ಮೆಟ್ಟಿಲು ಅದುರುವ ಹಾಗೆ ಹತ್ತಿದೆ.

ತಂಗಿ ಬಾಗಿಲು ತೆರೆದಳು. ಮುಖ ತೊಳೆದಿದ್ದಳು. ಮಗು ಅವಳ ಭುಜದ ಮೇಲಿತ್ತು. "ಇಷ್ಟು ಬೇಗ?" ಎಂದಳು.

"ಪೈಪ್ ಒಡೀತು. ನೀರಿಲ್ಲ."

"ಕೂತ್ಕೋ, ಚಹಾ ಇಡ್ತೀನಿ." ದನಿ ಎಂದಿನ ಹಾಗೇ ಚಪ್ಪಟೆಯಾಗಿತ್ತು. ಮಡಿಚಿದ ಬಟ್ಟೆಯ ರಾಶಿ ಗೋಡೆಗೆ ಒತ್ತಿಕೊಂಡು ನೆಟ್ಟಗೆ ಇತ್ತು. ಏನೂ ನಡೆದೇ ಇಲ್ಲವೇನೋ ಎಂದು ನನಗೇ ಅನುಮಾನ ಬಂತು. ರಾತ್ರಿ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಮಾತ್ರೆ ನುಂಗಿ, ಬಾಯಿ ತೆಗೆದು ತೋರಿಸಿ, ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಲಿಫ್ಟಪ್ಪ ತಡವಾಗಿ ಬಂದ. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಒಳಗೆ ಕೇಳದ ಹಾಗೆ ಕೇಳಿದ.

"ಹೇಗಿದ್ದಾಳೆ ಅಕ್ಕ? ನೀವು ಬೇಗ ಬಂದಿದ್ರಂತಲ್ಲ, ಟೈಲರಮ್ಮ ಹೇಳಿದ್ರು. ಏನಾದ್ರೂ ಸ್ವಲ್ಪ... ಬದಲಾವಣೆ?"

ಅವನ ಬೆರಳುಗಳಲ್ಲಿ ಇನ್ನೂ ಗ್ರೀಸ್ ಇತ್ತು. ಹೇಳಬೇಕಾದ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನು ಆ ಹೊತ್ತಿನಲ್ಲೇ ಟೈಲರಮ್ಮನ ಬಾಗಿಲು ಬಡಿಯುತ್ತಿದ್ದ. ನಾಳೆಯಿಂದ ಒಂದು ಬಟ್ಟೆಯನ್ನು ಹಿಡಿದುಕೊಂಡು ಅವಳ ಮುಂದೆ ನಿಲ್ಲುತ್ತಿದ್ದ. ಅವಳು ಅವನಿಗಾಗಿ ಆ ಸದ್ದನ್ನೂ ಮಾಡಿ ತೋರಿಸಲು ಕಲಿತುಬಿಡುತ್ತಿದ್ದಳು. ಆಮೇಲೆ ನಿಜವಾದದ್ದು ಯಾವುದು ಎನ್ನುವುದು ಅವಳಿಗೂ ತಿಳಿಯುತ್ತಿರಲಿಲ್ಲ.

"ಹಾಗೇ ಇದ್ದಾಳೆ" ಎಂದೆ.

"ಹೂಂ." ಅವನು ತಲೆಯಾಡಿಸಿ, ಕೈ ತೊಳೆಯಲು ಹೋದ. ಬೆನ್ನು ಬಾಗಿತ್ತು. ಇನ್ನೇನು ಸರಿ ಹೋಗಬಹುದು, ನೋಡ್ತಾ ಇರು ಎಂದು ಹಿಂದಿನಿಂದ ಹೇಳಬೇಕೆನ್ನಿಸಿತು. ಆ ಮಾತನ್ನೂ ನುಂಗಿಕೊಂಡೆ. ಒಮ್ಮೆ ಆಡಿ ಕಲಿತದ್ದಾಗಿತ್ತು.

ತೊಟ್ಟಿಲ ಪಕ್ಕ ಹಾಸಿಗೆ ಬಿಡಿಸಿದೆ. ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ಮಧ್ಯಾಹ್ನದ ಆ ಸದ್ದಿನ ಮಾತನ್ನು ಡಾಕ್ಟರಿಗೂ ಹೇಳಬಾರದು, ಕ್ರೆಶ್‌ನಲ್ಲಿ ಹಾಲು ಕಾಯಿಸುವವಳಿಗೂ ಹೇಳಬಾರದು, ಎಲ್ಲಕ್ಕಿಂತ ಹೆಚ್ಚಾಗಿ ತಂಗಿಗೆ ಹೇಳಬಾರದು ಎಂದುಕೊಂಡೆ. ಅದು ಏನು ಎನ್ನುವುದು ಅವಳಿಗೆ ಗೊತ್ತಾದ ದಿನ, ಗೊತ್ತಾಗುವುದಿದ್ದರೆ, ಅವಳೇ ಬಂದು ಹೇಳಲಿ. ಎದ್ದು ಬಾಲ್ಕನಿಯ ಚಿಲಕ ಮುಟ್ಟಿ ನೋಡಿ ಬಂದು ಮಲಗಿದೆ.